ಆರನೆಯ ಚುಕ್ಕೆ

ಅವರ ಹೆಜ್ಜೆ ಸರಿಯಾಗಿ ಒಂದು ಗಜವಿತ್ತು. ಅಂಗುಲ ಹೆಚ್ಚಿಲ್ಲ, ಅಂಗುಲ ಕಡಿಮೆಯಿಲ್ಲ. ಮೈದಾನದ ಮಾಲಿ ಪಿಚ್ ಅಳೆಯುವ ಸರಪಳಿಯನ್ನು ಉಗ್ರಾಣದಿಂದ ಹುಡುಕಿ ತರುವಷ್ಟರಲ್ಲಿ ಅವರು ಈ ತುದಿಯ ಗೂಟದಿಂದ ಆ ತುದಿಗೆ ಇಪ್ಪತ್ತೆರಡು ಹೆಜ್ಜೆ ಹಾಕಿ, ಬೂಟಿನ ಹಿಮ್ಮಡಿಯಿಂದ ನೆಲದಲ್ಲಿ ಗೆರೆ ಕೊರೆದು, ಕೈಗಳನ್ನು ಹಿಂದೆ ಕಟ್ಟಿಕೊಂಡು ಆಕಾಶ ನೋಡುತ್ತ ನಿಂತಿರುತ್ತಿದ್ದರು. ಸರಪಳಿ ಎಳೆದು ನೋಡಿದರೆ ಅದರ ಕೊನೆಯ ಕೊಂಡಿ ಆ ಗೆರೆಯ ಮೇಲೇ ಬಂದು ಕೂರುತ್ತಿತ್ತು. "ಸರಪಳಿ ಸರಿಯಿದೆಯೋ ಇಲ್ವೋ ಅಂತ ನಮ್ಮ ಮೇಷ್ಟ್ರ ಕಾಲಲ್ಲಿ ಅಳೆದು ನೋಡ್ಕೋಬೇಕು ಸ್ವಾಮಿ," ಎಂದು ಮಾಲಿ ಹೊಸಬರಿಗೆಲ್ಲ ಹೇಳುತ್ತಿದ್ದ. ವಿಸ್ಮಯದ ಸಂಗತಿಯೆಂದರೆ ಅವರ ಎಡ ಮೊಣಕಾಲು ಮಡಚುತ್ತಲೇ ಇರಲಿಲ್ಲ. ಆಡುತ್ತಿದ್ದ ದಿನಗಳಲ್ಲಿ ಬಿದ್ದ ಪೆಟ್ಟೊಂದು ಅದನ್ನು ಬೀಗ ಜಡಿದಂತೆ ಬಿಗಿದುಬಿಟ್ಟಿತ್ತು. ಆ ಕಾಲನ್ನು ಅವರು ಅರ್ಧಚಂದ್ರಾಕಾರವಾಗಿ ಬೀಸಿ ಮುಂದಿಡಬೇಕಾಗುತ್ತಿತ್ತು. ಆದರೂ ಕುಂಟುಕಾಲಿನ ಹೆಜ್ಜೆಯೂ ಗಜವೇ, ಒಳ್ಳೆಯ ಕಾಲಿನ ಹೆಜ್ಜೆಯೂ ಗಜವೇ.

ಇನ್ನು ಅವರ ಕೋಟು. ಬೂದುಬಣ್ಣದ ಉಣ್ಣೆಯ ಕೋಟು, ಬೇಸಗೆಯಲ್ಲೂ ಮೈಮೇಲಿಂದ ಇಳಿಯದ ಕೋಟು. ಅದರ ಎದೆಯ ಮೇಲೆ ಎಂದೋ ಒಂದು ಲಾಂಛನ ಹೊಲಿದಿದ್ದ ಜಾಗ ಬಿಸಿಲು ಕಾಣದೆ ಕಡುಬಣ್ಣದಲ್ಲಿ, ಗುರಾಣಿಯ ಆಕಾರದಲ್ಲಿ ಉಳಿದುಕೊಂಡಿತ್ತು. ಪ್ರಾಂತ್ಯದ ತಂಡದಿಂದ ಹೊರಬಿದ್ದ ದಿನವೇ ಅವರು ಆ ಲಾಂಛನವನ್ನು ದಾರ ಬಿಚ್ಚಿ ತೆಗೆದು, ಲಕೋಟೆಯಲ್ಲಿಟ್ಟು, ತಂಡದವರಿಗೆ ಹಿಂದಿರುಗಿಸಿದ್ದರಂತೆ; "ಅದು ಆಡೋರಿಗೆ, ಆಡಿದ್ದೋರಿಗಲ್ಲ" ಎಂಬುದು ಅವರ ವಾದ. ಬಲಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳೂ ಬೀಗದಕೈಗಳ ಗೊಂಚಲೂ ಸದಾ ಕಲಕುತ್ತಿದ್ದುದರಿಂದ ಅವರು ಬರುವುದು ಕಾಣುವ ಮೊದಲೇ ಕೇಳಿಸುತ್ತಿತ್ತು. ಮಕ್ಕಳಿಗೆ ಇಷ್ಟು ಸಾಕಲ್ಲ, ಕೋಟು ಮೇಷ್ಟ್ರು ಎಂದು ಹೆಸರಿಟ್ಟರು. ಊರೆಲ್ಲ ಅದನ್ನೇ ಹಿಡಿಯಿತು. ನಾನು ಅದೇ ಶಾಲೆಗೆ ಭಾಷಾ ಪಂಡಿತನಾಗಿ ಸೇರಿದಾಗ ಮೂರು ತಿಂಗಳ ಕಾಲ ಅವರ ನಿಜವಾದ ಹೆಸರೇ ನನಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬಳಸುವ ಪ್ರಸಂಗವೂ ಬರಲಿಲ್ಲ.

ಅವರು ಗಣಿತ ಕಲಿಸುತ್ತಿದ್ದರು. ಪ್ರತಿಯೊಂದು ಸಿದ್ಧಾಂತವನ್ನೂ, ಪ್ರತಿಯೊಂದು ಆಜ್ಞೆಯನ್ನೂ, ಕಡೆಗೆ ಬಾಗಿಲು ಹಾಕಿ ಬಾ ಎಂಬ ಮಾತನ್ನೂ, "ಹೌದೋ ಅಲ್ವೋ?" ಎಂಬ ಪ್ರಶ್ನೆಯಿಂದ ಮುಗಿಸುವುದು ಅವರ ರೂಢಿ. ಅದು ಪ್ರಶ್ನೆಯಾಗಿರಲಿಲ್ಲ. ಉತ್ತರಕ್ಕೆ ಅವರು ಎಂದೂ ಕಾದವರಲ್ಲ. ಪ್ರಶ್ನೆಯ ಬಾಲ ಗಾಳಿಯಲ್ಲಿರುವಾಗಲೇ ಬೆನ್ನು ತಿರುಗಿಸಿ ಕಪ್ಪುಹಲಗೆಯತ್ತ ನಡೆದಿರುತ್ತಿದ್ದರು. ಲೆಕ್ಕದಲ್ಲಿ ಒಬ್ಬ ತಪ್ಪಿದರೆ ಬೆತ್ತವಿಲ್ಲ, ಬೈಗುಳವಿಲ್ಲ. ಅವನು ಎದ್ದುಹೋಗಿ ಶಾಲೆಯ ಕಿಟಕಿಗಳನ್ನು ಎಣಿಸಿಕೊಂಡು ಬರಬೇಕು. ಬಂದು ಹೇಳಿದ ಸಂಖ್ಯೆ ತಪ್ಪಾಗಿದ್ದರೆ ಮತ್ತೊಮ್ಮೆ. ಆ ಶಾಲೆಗೆ ನೂರಾ ಹದಿನೆಂಟು ಕಿಟಕಿಗಳಿದ್ದವೆಂಬುದು ಊರಿನ ಎರಡು ತಲೆಮಾರಿಗೆ ಬಾಯಿಪಾಠ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಹೋದ ಅವರ ಹಳೆಯ ಶಿಷ್ಯನೊಬ್ಬ ವಕೀಲರ ಪಾಟೀಸವಾಲಿಗೆ ಗಾಬರಿಯಾಗಿ, "ಎಷ್ಟು ಜನ ಇದ್ರು?" ಎಂದು ಕೇಳಿದರೆ "ನೂರಾ ಹದಿನೆಂಟು" ಎಂದುಬಿಟ್ಟನಂತೆ.

ಯೌವನದಲ್ಲಿ ಅವರು ಆಡಿದ್ದು ಆಟದ ಸುಖಕ್ಕಾಗಿ ಮಾತ್ರ. ಹಗಲೆಲ್ಲ ಕಾಲೇಜು, ಸಂಜೆ ಅಭ್ಯಾಸ, ರಜೆಯಲ್ಲಿ ಹಾಸಿಗೆಯ ಸುರುಳಿ ಹೆಗಲಿಗೇರಿಸಿ ಪಂದ್ಯಕ್ಕೆ ಪ್ರಯಾಣ. ಪ್ರಾಂತ್ಯದ ಪರವಾಗಿ ಹನ್ನೊಂದು ಪಂದ್ಯಗಳು. ನಿಧಾನದ ಸ್ಪಿನ್ ಬೌಲಿಂಗ್, ಕೆಳಗಿನ ಕ್ರಮಾಂಕದಲ್ಲಿ ಹಟದ ಬ್ಯಾಟಿಂಗ್. ತಮ್ಮ ಆಟದ ಬಗ್ಗೆ ಅವರು ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಒಂದೇ ಸಲ. ಯಾರೋ "ನಿಮ್ಮ ಅತಿ ಹೆಚ್ಚಿನ ಸ್ಕೋರು ನಲವತ್ತೆರಡು ಅಲ್ವಾ ಸಾರ್?" ಎಂದರು. "ನಲವತ್ತೊಂದು," ಎಂದರು ಇವರು. "ಪೇಪರ್‌ನಲ್ಲಿ ನಲವತ್ತೆರಡು ಅಂತ ಬಂತು, ತಪ್ಪು. ಕಾಗದ ಬರೆದೆ. ಅವರು ತಿದ್ದಲಿಲ್ಲ." ಆಮೇಲೆ ಅವರ ಕಚೇರಿಯಲ್ಲಿ ಆ ಪತ್ರಿಕೆಯ ತುಣುಕನ್ನು ಕಂಡೆ. ನಲವತ್ತೆರಡನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ನಲವತ್ತೊಂದು ಎಂದು ಬರೆದು, ಪರೀಕ್ಷೆಯ ಉತ್ತರಪತ್ರಿಕೆಗೆ ಮಾಡುವಂತೆ ಕೆಳಗೆ ಸಹಿ ಮಾಡಿದ್ದರು. ಜಗತ್ತೆಲ್ಲ ಒಂದನ್ನು ಕೂಡಿಸಿಕೊಳ್ಳಲು ಹೆಣಗುವಾಗ ಈ ಮನುಷ್ಯ ತನ್ನದೊಂದನ್ನು ಕಳೆದುಕೊಂಡು ನೆಮ್ಮದಿಯಾಗಿದ್ದರು.

ಆ ಕಚೇರಿಯೆಂದರೆ ಕ್ರೀಡಾ ಸಂಘದ ಕಚೇರಿ. ಮೈದಾನದ ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ ತಲೆ ತಗ್ಗಿಸಿ ಹೊಗಬೇಕಾದ ಕೋಣೆ. ಒಂದು ಮೇಜು, ಒಂದು ಬೆಂಚು, ಹಳೆಯ ಸ್ಕೋರು ಪುಸ್ತಕಗಳು ತುಂಬಿದ ಕಬ್ಬಿಣದ ಟ್ರಂಕು, ಸದ್ದು ಮಾಡುವ ಗೋಡೆ ಗಡಿಯಾರ. ಮೇಲೆ ಜನ ಎದ್ದು ಕೂತಾಗಲೆಲ್ಲ ಮೇಜಿನ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಇಪ್ಪತ್ತೈದು ವರ್ಷ ಅವರು ಆ ಸಂಘದ ಕಾರ್ಯದರ್ಶಿ. ಪಂದ್ಯ ಒಂಬತ್ತೂವರೆಗೆಂದರೆ ಒಂಬತ್ತೂವರೆಗೇ. ಒಮ್ಮೆ ಉದ್ಘಾಟನೆಗೆ ಬರಬೇಕಾದ ಗಣ್ಯರು ಬರಲಿಲ್ಲವೆಂದು ಎಲ್ಲರೂ ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಇವರು ಆಟ ಶುರು ಮಾಡಿಸಿಯೇಬಿಟ್ಟರು. ಹಾರ ಹಿಡಿದು ಓಡಿಬಂದ ಅಧ್ಯಕ್ಷರಿಗೆ, "ಮೊದಲನೇ ಓವರ್ ಆಗಿದೆ. ಅವರು ಎರಡನೇದನ್ನ ಉದ್ಘಾಟನೆ ಮಾಡಲಿ, ಹೌದೋ ಅಲ್ವೋ?" ಎಂದರು. ಗಣ್ಯರು ಎರಡನೆಯ ಓವರನ್ನೇ ಉದ್ಘಾಟಿಸಿದರು.

ಇಂಥವರು ಅಂಪೈರಾಗಿ ನಿಂತರೆ ಆಕ್ಷೇಪಣೆಯ ಪ್ರಶ್ನೆಯೆಲ್ಲಿ? ನೇಮಕವಾದ ಅಂಪೈರುಗಳಲ್ಲಿ ಯಾರಾದರೂ ತಪ್ಪಿಸಿಕೊಂಡ ದಿನ ಅವರೇ ನಿಲ್ಲುತ್ತಿದ್ದರು. ಬಿಳಿ ಕೋಟು ಕೊಡಹೋದರೆ ಬೇಡ, "ನನ್ನ ಜೇಬು ನನಗೆ ಗೊತ್ತು," ಎನ್ನುತ್ತಿದ್ದರು. ಸೀಮೆಸುಣ್ಣವನ್ನೂ ಬೀಗದಕೈಗಳನ್ನೂ ತೆಗೆದು ಮೇಜಿನ ಮೇಲಿಟ್ಟು, ಅವರೆಕಾಳಿನ ಗಾತ್ರದ ಆರು ಬೆಣಚುಕಲ್ಲಿನ ಹರಳುಗಳನ್ನು ಒಂದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಎಸೆತವಾದರೆ ಒಂದು ಹರಳು ಆ ಜೇಬಿನಿಂದ ಈ ಜೇಬಿಗೆ. ಜೇಬು ಬರಿದಾದರೆ ಓವರ್ ಮುಗಿಯಿತು. ಮುಂದಿನ ಸಲ ಈ ಜೇಬಿನಿಂದ ಆ ಜೇಬಿಗೆ. ಬೆರಳಲ್ಲಿ ಎಣಿಸಿದರೆ ಮನಸ್ಸು ಮೋಸ ಮಾಡುತ್ತದೆ, ಕಲ್ಲು ಮೋಸ ಮಾಡುವುದಿಲ್ಲ ಎಂದು ಅವರು ನಂಬಿದ್ದರು. ನಾವು ಅವರನ್ನು ನಂಬಿದ್ದೆವು.

ಈಗ ನಾನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆ ವರ್ಷ ಕಚೇರಿ ತಂಡಗಳ ನಡುವಿನ ಪಂದ್ಯಾವಳಿಯ ಅಂತಿಮ ಪಂದ್ಯ. ಅಂಚೆಯವರ ತಂಡಕ್ಕೂ ಆಸ್ಪತ್ರೆಯವರ ತಂಡಕ್ಕೂ. ಒಬ್ಬ ಅಂಪೈರಿಗೆ ಜ್ವರ, ಮೇಷ್ಟ್ರು ನಿಂತರು. ಇನ್ನೊಬ್ಬ ನಮ್ಮ ಶಾಲೆಯ ವ್ಯಾಯಾಮ ಶಿಕ್ಷಕ. ಸ್ಕೋರು ಬರೆಯಲು ಎರಡು ಪುಸ್ತಕ, ಇಬ್ಬರು ಬರಹಗಾರರು: ಒಬ್ಬರು ಊರಿನ ಗ್ರಂಥಾಲಯದ ಗ್ರಂಥಪಾಲಕರು, ಇನ್ನೊಬ್ಬ ನಾನು. ಕೊನೆಯ ಓವರ್ ಹಾಕುವ ತುದಿಯಲ್ಲಿ ನಿಂತಿದ್ದವರು ಮೇಷ್ಟ್ರು. ಆಸ್ಪತ್ರೆಯವರಿಗೆ ಗೆಲ್ಲಲು ಐದು ರನ್ನು ಬೇಕು. ನಾಲ್ಕು ಎಸೆತಗಳಲ್ಲಿ ಮೂರು ಬಂದವು. ಇನ್ನು ಎರಡು ಎಸೆತ, ಎರಡು ರನ್ನು. ಬ್ಯಾಟು ಹಿಡಿದಿದ್ದವನು ಆಸ್ಪತ್ರೆಯ ಕಾಂಪೌಂಡರ್, ಇಪ್ಪತ್ತನಾಲ್ಕರ ತರುಣ. ಅಂದು ಅರವತ್ತು ರನ್ನು ದಾಟಿದ್ದ. ಪ್ರಾಂತ್ಯದ ತಂಡಕ್ಕೆ ಆಟಗಾರರನ್ನು ಆರಿಸುವ ಹಿರಿಯರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಅವನನ್ನು ನೋಡಲೆಂದೇ.

ಐದನೆಯ ಎಸೆತ ನೇರವಾಗಿ ಕಾಲ್ಬೆರಳಿಗೆ ಬಂತು. ಅವನು ಆತುರಪಡಲಿಲ್ಲ. ಬ್ಯಾಟನ್ನು ನೆಲಕ್ಕೆ ಒತ್ತಿ ನಿಲ್ಲಿಸಿದ. ಇನ್ನೊಂದಿದೆ ಎಂಬ ನಿಶ್ಚಿಂತೆ ಅವನ ಹೆಗಲುಗಳಲ್ಲೇ ಕಾಣುತ್ತಿತ್ತು. ಪಿಚ್ಚಿನ ಮೇಲೆ ಎರಡು ಸಲ ತಟ್ಟಿದ, ಗ್ಲೌಸು ಬಿಗಿಮಾಡಿಕೊಂಡ, ಕ್ಷೇತ್ರರಕ್ಷಕರು ಎಲ್ಲೆಲ್ಲಿದ್ದಾರೆಂದು ಕತ್ತು ತಿರುಗಿಸಿ ನೋಡಿದ. ಅಷ್ಟರಲ್ಲಿ ಮೇಷ್ಟ್ರು "ಓವರ್" ಎಂದು ಗಟ್ಟಿಯಾಗಿ ಕೂಗಿ, ಗೂಟದ ಮೇಲಿನ ಬೇಲ್ಸ್ ತೆಗೆದರು.

ಅವನು ನಾಲ್ಕು ಹೆಜ್ಜೆ ಮುಂದೆ ಬಂದು, "ಸಾರ್, ಇನ್ನೊಂದು ಬಾಲ್ ಇದೆ ಅಲ್ವಾ?" ಎಂದನಂತೆ. "ಆರಾಯ್ತು. ಹೌದೋ ಅಲ್ವೋ?" ಎಂದರು ಮೇಷ್ಟ್ರು, ಮತ್ತು ಎಂದಿನಂತೆ ಉತ್ತರಕ್ಕೆ ಕಾಯದೆ ನಡೆದುಬಿಟ್ಟರು. ವ್ಯಾಯಾಮ ಶಿಕ್ಷಕನತ್ತ ಅವನು ನೋಡಿದ. ಆ ಪುಣ್ಯಾತ್ಮ ಮೇಷ್ಟ್ರಿದ್ದಾರಲ್ಲ ಎಂದು ಎಣಿಸಿಯೇ ಇರಲಿಲ್ಲ. ಕಡೆಗೆ ಅವನು ನಮ್ಮ ಮೇಜಿನತ್ತ ನೋಡಿದ.

ಓವರಿಗೆ ಒಂದು ಚೌಕ, ರನ್ನು ಬಂದ ಎಸೆತಕ್ಕೆ ಅಂಕಿ, ಬಾರದ ಎಸೆತಕ್ಕೆ ಚುಕ್ಕೆ. ಸ್ಕೋರು ಬರೆಯುವುದೆಂದರೆ ಇಷ್ಟೇ. ನನ್ನ ಚೌಕದಲ್ಲಿ ಐದು ಗುರುತುಗಳಿದ್ದವು. ನಾನು ಮೆಲ್ಲನೆ ಗ್ರಂಥಪಾಲಕರ ಪುಸ್ತಕದತ್ತ ಕಣ್ಣು ಹಾಯಿಸಿದೆ. ಅವರು ಆಗಲೇ ನನ್ನದರತ್ತ ಹಾಯಿಸಿದ್ದರು.

"ನಂದೂ ಐದೇ," ಎಂದರು ಅವರು, ತುಟಿ ಅಲುಗದಂತೆ.

"ಹಾಗಾದ್ರೆ?"

"ಹಾಗಾದ್ರೆ ಏನು? ಮೇಷ್ಟ್ರು ತಪ್ಪು ಎಣಿಸ್ತಾರಾ? ಎಲ್ಲೋ ಒಂದು ಬಿಟ್ಟಿದ್ದೀವಿ ಪಂಡಿತ್ರೇ. ಹಾಕಿ, ಹಾಕಿ."

ಇಬ್ಬರೂ ಒಂದೊಂದು ಚುಕ್ಕೆ ಹಾಕಿದೆವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಾವು ಪ್ರತ್ಯಕ್ಷ ಕಂಡದ್ದನ್ನು ಕಂಡೇ ಇಲ್ಲವೆಂದುಕೊಂಡೆವು. ಆಮೇಲೆ ನಾನು ಮೇಜಿನಿಂದೆದ್ದು, ದೂರದಲ್ಲಿ ಬ್ಯಾಟು ಹಿಡಿದು ಕಾಯುತ್ತಿದ್ದ ಅವನಿಗೆ ಕಾಣುವಂತೆ ಎರಡೂ ಕೈಯೆತ್ತಿ ಆರು ಬೆರಳು ತೋರಿಸಿದೆ. ಆ ಬೆರಳುಗಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಒಂದು ರನ್ನಿನಿಂದ ಆಸ್ಪತ್ರೆ ಸೋತಿತು. ಸೋಲು ದೊಡ್ಡದಲ್ಲ, ಸೋತವರು ಮರುವರ್ಷ ಗೆದ್ದರು. ಆದರೆ ಕೊನೆಯ ಎಸೆತವೆಂದು ತಿಳಿಯದೆ ಚೆಂಡನ್ನು ತಡೆದು ನಿಂತ ಆ ತರುಣ ಆಡಿಕೊಳ್ಳುವವರ ಬಾಯಿಗೆ ಬಿದ್ದ. ಆರಿಸುವ ಹಿರಿಯರಲ್ಲೊಬ್ಬರು, "ಆರರವರೆಗೆ ಎಣಿಸೋಕೆ ಬರದವನನ್ನ ಕರ್ಕೊಂಡು ಹೋಗಿ ಏನು ಮಾಡೋಣ?" ಎಂದು ನಕ್ಕು ಎದ್ದರು. ಆ ವಾರವೇ ಯಾರೋ ಅವನಿಗೆ 'ಐದೂವರೆ' ಎಂದು ಹೆಸರಿಟ್ಟರು. ಅಡ್ಡಹೆಸರಿಗೆ ಕಾಲಿರುತ್ತದೆ, ಅದು ಮೈದಾನದಿಂದ ಆಸ್ಪತ್ರೆಗೆ ನಡೆದುಹೋಯಿತು. "ಐದೂವರೆ ಹತ್ರ ಮಾತ್ರೆ ಇಸ್ಕೊಂಡ್ರೆ ಮನೇಲಿ ಒಂದ್ಸಲ ಎಣಿಸ್ಕೋ" ಎಂಬುದು ಸಾಲಿನಲ್ಲಿ ನಿಂತ ರೋಗಿಗಳ ಮಾಮೂಲು ತಮಾಷೆಯಾಯಿತು. ಅವನು ಮತ್ತೆ ಬ್ಯಾಟು ಹಿಡಿಯಲಿಲ್ಲ. ನಾನೂ ಗ್ರಂಥಪಾಲಕರೂ ಈ ಸಂಗತಿಯನ್ನು ನಮ್ಮೊಳಗೂ ಮಾತಾಡಿಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು, ಚುಕ್ಕೆ ನನ್ನೊಬ್ಬನದಾಯಿತು.

ಇಪ್ಪತ್ತೊಂದು ವರ್ಷ ಕಳೆದವು. ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಈಗ ಸಂಘದ ಕಾರ್ಯದರ್ಶಿ ಹುದ್ದೆಯನ್ನೂ ಬಿಡುವವರಿದ್ದರು. ಸನ್ಮಾನವೆಂದು ನಿಶ್ಚಯವಾಯಿತು. ಅವರ ಬಗ್ಗೆ ಒಂದು ವ್ಯಕ್ತಿಚಿತ್ರ ಬರೆದು ಸಭೆಯಲ್ಲಿ ಓದಬೇಕೆಂದು ನನಗೆ ಹೇಳಿದರು. ಕೂತೆ. ಹೆಜ್ಜೆಯ ಬಗ್ಗೆ ಬರೆದೆ, ಕೋಟಿನ ಬಗ್ಗೆ ಬರೆದೆ, ನೂರಾ ಹದಿನೆಂಟು ಕಿಟಕಿಗಳ ಬಗ್ಗೆ ಬರೆದೆ. 'ಅವರ ಎಣಿಕೆ ಎಂದೂ ತಪ್ಪಲಿಲ್ಲ' ಎಂಬ ವಾಕ್ಯಕ್ಕೆ ಬಂದಾಗ ಲೇಖನಿ ನಿಂತಿತು. ನಾಲ್ಕು ದಿನ ಆ ವಾಕ್ಯದ ಮುಂದೆ ಕೂತಿದ್ದೆ. ಐದನೆಯ ದಿನ ಮಧ್ಯಾಹ್ನ ಹೋಗಿ, ಮೆಟ್ಟಿಲಿನ ಕೆಳಗಿನ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ, ಒಳಗೆ ಹೋದ ಮೇಲೂ ಎತ್ತದೆ, ಎಲ್ಲವನ್ನೂ ಹೇಳಿದೆ.

ಅವರು ಅಡ್ಡಬಾಯಿ ಹಾಕದೆ ಕೇಳಿದರು. ಬೈದರೆ ಬದುಕಿಕೊಂಡೆ ಎಂದುಕೊಂಡಿದ್ದೆ; ಬೈಯಲಿಲ್ಲ. ಕೋಟಿನ ಬಲಜೇಬಿನೊಳಗೆ ಕೈಯಿಟ್ಟು, ಅದರ ಮೂಲೆಯಲ್ಲಿ ಬೆರಳಾಡಿಸಿದರು. ಆಮೇಲೆ ತಮ್ಮ ಪಾಲಿನದನ್ನು ಹೇಳಿದರು.

ಪಂದ್ಯದ ದಿನ ಸಂಜೆ ಮನೆಗೆ ಹೋಗಿ ಜೇಬು ಬರಿದು ಮಾಡಿದರೆ ಹರಳು ಐದೇ ಇದ್ದವಂತೆ. ಮೈದಾನದಲ್ಲೆಲ್ಲೋ ಬಿತ್ತೆಂದುಕೊಂಡರು. ತಿಂಗಳ ಮೇಲೆ ಅವರ ಹೆಂಡತಿ ಕೋಟಿಗೆ ಹೊಲಿಗೆ ಹಾಕಲು ಕೂತವರು, "ನೋಡಿ, ನಿಮ್ಮ ಕಲ್ಲು ಇಲ್ಲೇ ಇದೆ. ಬೀಗದಕೈ ಚುಚ್ಚಿ ಚುಚ್ಚಿ ಜೇಬು ತೂತಾಗಿದೆ," ಎಂದು ಅಸ್ತರಿನೊಳಗಿಂದ ಆರನೆಯದನ್ನು ತೆಗೆದುಕೊಟ್ಟರು. ಬಲಜೇಬು. ಕೊನೆಯ ಓವರಿನಲ್ಲಿ ಹರಳುಗಳು ಬಲಜೇಬಿನಿಂದ ಎಡಕ್ಕೆ ಹೋಗಬೇಕಿತ್ತು. ಒಂದು ಮೊದಲೇ ಅಸ್ತರಿಗೆ ಜಾರಿದ್ದರೆ ಐದು ಎಸೆತಕ್ಕೇ ಜೇಬು ಬರಿದಾಗುತ್ತಿತ್ತು. ಮೇಷ್ಟ್ರು ಆಗಲೇ ಕೋಟು ಹಾಕಿಕೊಂಡು ಕಚೇರಿಗೆ ಬಂದು, ಟ್ರಂಕು ತೆಗೆದು, ಎರಡೂ ಪುಸ್ತಕಗಳನ್ನು ಬಿಡಿಸಿ ನೋಡಿದರು. ಒಂದರಲ್ಲೂ ಆರು. ಇನ್ನೊಂದರಲ್ಲೂ ಆರು. ಇಬ್ಬರು ಬೇರೆಬೇರೆಯಾಗಿ ಎಣಿಸಿದವರು, ಇಬ್ಬರೂ ಓದಿದವರು. ಹರಳು ಆಮೇಲೆ ಜಾರಿರಬೇಕು ಎಂದು ತೀರ್ಮಾನಿಸಿ, ಟ್ರಂಕಿಗೆ ಬೀಗ ಹಾಕಿ, ಮನೆಗೆ ಹೋಗಿ ಉಂಡು ಮಲಗಿದರು.

"ನಾನು ನಿಮ್ಮನ್ನ ನಂಬಿದೆ ಪಂಡಿತ್ರೇ," ಎಂದರು. "ನೀವು ನನ್ನನ್ನ ನಂಬಿದ್ರಿ. ಆ ಹುಡುಗ ಯಾರನ್ನ ನಂಬಬೇಕಿತ್ತು?"

ಹೌದೋ ಅಲ್ವೋ ಎನ್ನಲಿಲ್ಲ. ಅವರ ಪ್ರಶ್ನೆಯೊಂದು ಆ ಬಾಲವಿಲ್ಲದೆ ನಿಂತದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡು ಪುಸ್ತಕಗಳನ್ನೂ ಹೊರತೆಗೆಸಿದರು. ಕೆಂಪು ಶಾಯಿಯ ಲೇಖನಿಯನ್ನು ನನ್ನ ಕೈಗೆ ಕೊಟ್ಟು ನನ್ನ ಚುಕ್ಕೆಯನ್ನು ನನ್ನಿಂದಲೇ ಹೊಡೆಸಿದರು. ಗ್ರಂಥಪಾಲಕರದನ್ನು ತಾವೇ ಹೊಡೆದರು. ಪಕ್ಕದಲ್ಲಿ, ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಂಥದೇ ದುಂಡಗಿನ ಅಕ್ಷರಗಳಲ್ಲಿ, 'ಈ ಚುಕ್ಕೆ ಎಸೆತವಲ್ಲ. ತಪ್ಪು ಅಂಪೈರನದು' ಎಂದು ಬರೆದು ಸಹಿ ಮಾಡಿದರು. ಸಂಘದ ಅಧ್ಯಕ್ಷರು ವಕೀಲರು. ವಿಷಯ ತಿಳಿದು ಓಡಿಬಂದರು. "ಯಾಕೆ ಸಾರ್ ಹಳೇದನ್ನೆಲ್ಲ ಕೆದಕ್ತೀರಿ? ನಿಯಮದ ಪ್ರಕಾರ ಅಂಪೈರ್ ಎಣಿಸಿದ್ದೇ ಎಣಿಕೆ. ಐದು ಬಾಲಿಗೆ ಓವರ್ ಅಂದ್ರೂ ಅದು ಓವರ್ರೇ. ಫಲಿತಾಂಶ ಬದಲಾಗಲ್ಲ."

"ಫಲಿತಾಂಶ ಇರಲಿ," ಎಂದರು ಮೇಷ್ಟ್ರು. "ಚುಕ್ಕೆ ಹೋಗಬೇಕಿತ್ತು, ಹೋಯ್ತು. ಇನ್ನು ಆ ಹುಡುಗನ ಹತ್ರ ಹೋಗಬೇಕು."

ಹುಡುಗನಿಗೆ ಈಗ ನಲವತ್ತೈದು. ಮಾರನೆಯ ದಿನ ಬೆಳಿಗ್ಗೆ ನಾವು ಹೋದಾಗ ಆಸ್ಪತ್ರೆಯ ಔಷಧದ ಕಿಟಕಿಯ ಮುಂದೆ ಉದ್ದದ ಸಾಲಿತ್ತು. ಕಿಟಕಿಯ ಪಕ್ಕದ ಬಾಗಿಲಲ್ಲಿ ಬೆಂಚಿನ ಮೇಲೆ ಕೂತು ನಾವಿಬ್ಬರೂ ಅವನ ಕೈಗಳನ್ನು ನೋಡುತ್ತಿದ್ದೆವು. ತಟ್ಟೆಯ ಮೇಲೆ ಮಾತ್ರೆಗಳನ್ನು ಸುರಿದು, ಚಪ್ಪಟೆ ಕಡ್ಡಿಯಿಂದ ಎರಡೆರಡಾಗಿ ಎಳೆದು ಎಣಿಸುತ್ತಿದ್ದ. ಎಣಿಸಿ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ತಟ್ಟೆಯ ನಡುವಿಗೆ ಗುಡಿಸಿ ಇನ್ನೊಮ್ಮೆ ಎಣಿಸುತ್ತಿದ್ದ. ಆಮೇಲೆ ಪೊಟ್ಟಣಕ್ಕೆ. ಹತ್ತು ಮಾತ್ರೆಗೂ ಎರಡು ಸಲ, ಮೂರು ಮಾತ್ರೆಗೂ ಎರಡು ಸಲ. ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಒಂದ್ಸಲ ಎಣಿಸಿ ಕೊಡಪ್ಪ, ನಿಂತು ನಿಂತು ಕಾಲು ಬಿದ್ದೋಯ್ತು," ಎಂದಳು. ಅವನು ತಲೆಯೆತ್ತಲಿಲ್ಲ. "ಕೊಡ್ತೀನಮ್ಮ. ತಪ್ಪಿದ್ರೆ ಆಮೇಲೆ ನಿಮಗೇ ಕಷ್ಟ," ಎಂದು ಎರಡನೆಯ ಸಲ ಎಣಿಸಿದ.

ಮೇಷ್ಟ್ರು ನನ್ನ ಮುಂಗೈಯನ್ನು ಹಿಡಿದುಕೊಂಡರು. ಅಷ್ಟು ಬಿಗಿಯಾದ ಹಿಡಿತ ಆ ವಯಸ್ಸಿನ ಕೈಯಲ್ಲಿ ಇದ್ದೀತೆಂದು ನಾನು ತಿಳಿದಿರಲಿಲ್ಲ.

ಬಿಡುವಾದಾಗ ಅವನು ಬಾಗಿಲಿಗೆ ಬಂದ. ಮೇಷ್ಟ್ರು ಎದ್ದು ನಿಂತು, ತರಗತಿಯಲ್ಲಿ ಪ್ರಮೇಯ ಒಪ್ಪಿಸುವವನಂತೆ, ಜೇಬು, ತೂತು, ಹರಳು, ಚುಕ್ಕೆ ಎಲ್ಲವನ್ನೂ ಕ್ರಮವಾಗಿ ಹೇಳಿದರು. ನನ್ನ ಆರು ಬೆರಳುಗಳ ಮಾತನ್ನು ನಾನು ಹೇಳಿದೆ. ಅವನು ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿದ. ಕೋಪ ಬರಲೆಂದು ನಾನು ಕಾದೆ. ಬಂದದ್ದು ಕೋಪವಲ್ಲ.

"ಐದೇನಾ ಸಾರ್?" ಎಂದು ಕೇಳಿದ. "ಮೊದಮೊದಲು ನಾನೂ ಐದೇ ಅಂತಿದ್ದೆ. ಎಲ್ಲಾರೂ ಆರು ಅಂದ್ರು. ಪುಸ್ತಕದಲ್ಲೂ ಆರು ಅಂದ್ರು. ಆಮೇಲೆ ನಂಗೂ ಆರೇ ಇರಬೇಕು ಅನ್ನಿಸ್ತು. ನಂಗೆ ಎಣಿಸೋದ್ರಲ್ಲಿ ಏನೋ ದೋಷ ಇದೆ ಅಂದ್ಕೊಂಡೆ. ಅಲ್ಲಿಂದ ಎರಡು ಸಲ ಎಣಿಸ್ತೀನಿ."

ಮೇಷ್ಟ್ರು ಏನೋ ಹೇಳಹೋದರು. ಅವನು ಕಿಟಕಿಯತ್ತ ನೋಡಿ, "ಜನ ಕಾಯ್ತಿದ್ದಾರೆ ಸಾರ್," ಎಂದು ಒಳಗೆ ಹೋದ. ಅಂದು ಆಸ್ಪತ್ರೆಯಿಂದ ಹಿಂದಿರುಗುವಾಗ ಮೊದಲ ಸಲ ಅವರ ಹೆಜ್ಜೆ ಗಜಕ್ಕಿಂತ ಕಡಿಮೆಯಾದದ್ದನ್ನು ನಾನು ನೋಡಿದೆ.

ಸನ್ಮಾನದ ಸಭೆ ಶಾಲೆಯ ಸಭಾಂಗಣದಲ್ಲಿ. ಊರಿಗೆ ಊರೇ ಸೇರಿತ್ತು. ನಾನು ವ್ಯಕ್ತಿಚಿತ್ರ ಓದಲಿಲ್ಲ, ಬರೆದು ಮುಗಿದಿಲ್ಲವೆಂದೆ. ಶಾಲು, ಹಾರ, ಹೊಗಳಿಕೆ ಎಲ್ಲವನ್ನೂ ತಲೆಬಾಗಿ ಸಹಿಸಿ, ಕಡೆಗೆ ಮೇಷ್ಟ್ರು ಮೈಕಿನ ಮುಂದೆ ಬಂದರು. ಆಟದ ಮಾತಿಲ್ಲ, ಕೃತಜ್ಞತೆಯ ಮಾತಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಆ ಓವರಿನಲ್ಲಿ ಐದೇ ಎಸೆತಗಳಾಗಿದ್ದವೆಂದೂ, ಎಣಿಸಲು ಬರದವನು ಕಾಂಪೌಂಡರಲ್ಲ, ತಾನೆಂದೂ, ಕೇಳಿದವನಿಗೆ ಉತ್ತರ ಕೊಡದೆ ಬೆನ್ನು ತಿರುಗಿಸಿದವನೂ ತಾನೇ ಎಂದೂ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರು.

ಆಮೇಲೆ ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಮುಂದಿನ ಸಾಲಿನವರು ಎದ್ದು ನಿಂತರು. "ಎಂಥಾ ದೊಡ್ಡ ಮನುಷ್ಯ!" ಎಂದು ನನ್ನ ಪಕ್ಕದವರು ಕಣ್ಣೊರೆಸಿಕೊಂಡರು. ವಕೀಲ ಅಧ್ಯಕ್ಷರು ಇನ್ನೊಂದು ಹಾರ ಎಲ್ಲಿದೆಯೆಂದು ಹುಡುಕತೊಡಗಿದರು. ತಪ್ಪೊಪ್ಪಿಕೊಂಡ ಮೇಲೆ ಮೇಷ್ಟ್ರು ಮೊದಲಿಗಿಂತಲೂ ಒಂದು ಮೊಳ ಎತ್ತರವಾಗಿದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಕಾಂಪೌಂಡರನತ್ತ ಒಂದು ತಲೆಯೂ ತಿರುಗಲಿಲ್ಲ. ಅವನೂ ಎಲ್ಲರೊಂದಿಗೆ ಚಪ್ಪಾಳೆ ತಟ್ಟುತ್ತಿದ್ದ.

ಮೇಷ್ಟ್ರ ಮುಖ ಕೆಂಪಾದದ್ದನ್ನು ನಾನು ನೋಡಿದೆ. ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಅಂಪೈರನಂತೆ ನಿಂತರು, ಸದ್ದಡಗುವವರೆಗೆ ಇಳಿಸಲಿಲ್ಲ. "ನಿಲ್ಲಿಸಿ," ಎಂದರು. "ನನಗಲ್ಲ ಇದು. ಮತ್ತೆ ತಪ್ಪು ಎಣಿಸ್ತಿದ್ದೀರಿ." ವೇದಿಕೆಯಿಂದ ಇಳಿದರು. ಎಡಗಾಲನ್ನು ಬೀಸಿ ಬೀಸಿ ಇಡುತ್ತ, ಕುರ್ಚಿಗಳ ನಡುವಿನ ಹಾದಿಯಲ್ಲಿ ಬಾಗಿಲವರೆಗೂ ನಡೆದುಹೋದರು. ಸಭೆಯೆಲ್ಲ ಈಗ ತಿರುಗಿ ನೋಡಲೇಬೇಕಾಯಿತು. ಕಾಂಪೌಂಡರ್ ಗಾಬರಿಯಿಂದ ಎದ್ದು ನಿಂತ.

"ಅವತ್ತು ನೀವು ಒಂದು ಮಾತು ಕೇಳಿದ್ರಿ. ನಾನು ನಿಲ್ಲಲಿಲ್ಲ. ಇವತ್ತು ನಾನು ಕೇಳ್ತೀನಿ," ಎಂದರು ಮೇಷ್ಟ್ರು, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ. "ಆ ಓವರಲ್ಲಿ ಆಗಿದ್ದು ಐದು. ಹೌದೋ ಅಲ್ವೋ?"

ಮತ್ತು ಕಾದರು. ಮೂವತ್ತೈದು ವರ್ಷ ಊರಿನ ಮಕ್ಕಳನ್ನೆಲ್ಲ ಕೇಳಿ ಒಬ್ಬರ ಉತ್ತರಕ್ಕೂ ಕಾಯದಿದ್ದ ಮನುಷ್ಯ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ಬಗ್ಗಿಸಿ, ವಿದ್ಯಾರ್ಥಿಯಂತೆ ಕಾದರು. ಕಾಂಪೌಂಡರನ ತುಟಿ ಅಲುಗಿತು. ಅವನು ಮನಸ್ಸಿನಲ್ಲಿ ಎಣಿಸುತ್ತಿದ್ದನೆಂದು ನನಗೆ ತಿಳಿಯಿತು, ಎರಡು ಸಲ.

"ಹೌದು ಸಾರ್," ಎಂದ. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಐದೇ. ನಾನು ಅವತ್ತೂ ಐದೇ ಎಣಿಸಿದ್ದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಸರಿಯಾಗಿತ್ತು.

ಮೇಷ್ಟ್ರು ಆಮೇಲೆ ಎರಡು ವರ್ಷ ಬದುಕಿದ್ದರು. ಊರಿನಲ್ಲಿ ಐದೂವರೆ ಎಂಬ ಹೆಸರು ಮೆಲ್ಲಗೆ ಸತ್ತುಹೋಯಿತು. ಈಗಿನ ಮಕ್ಕಳಿಗೆ ಅದು ಗೊತ್ತೇ ಇಲ್ಲ. ಕಾಂಪೌಂಡರ್ ಮಾತ್ರ ಇಂದಿಗೂ ಎರಡು ಸಲವೇ ಎಣಿಸುತ್ತಾನೆ. ಕಳೆದ ವಾರ ನನ್ನ ರಕ್ತದೊತ್ತಡದ ಮಾತ್ರೆ ತರಲು ಹೋದಾಗ, ತಡೆಯಲಾರದೆ ಕೇಳಿಯೇಬಿಟ್ಟೆ, ಇನ್ನೂ ಯಾಕಪ್ಪ ಎಂದು. ನಕ್ಕ. "ಕೈ ಕೇಳಲ್ಲ ಸಾರ್. ಗೊತ್ತಾಗಿದ್ದು ನಂಗೆ, ಕೈಗಲ್ಲ," ಎಂದ.

ಸುಳ್ಳು ಹೇಳುವವರಿಂದ ಊರಿಗೆ ಆಗುವ ಹಾನಿ ಅಷ್ಟಿಷ್ಟೇ. ಅವರ ಮಾತನ್ನು ನಾವು ತೂಗಿ ನೋಡುತ್ತೇವೆ, ನಮ್ಮ ಕಣ್ಣು ನಮ್ಮಲ್ಲೇ ಇರುತ್ತದೆ. ಎಂದೂ ತಪ್ಪದ ಸತ್ಯವಂತರ ಎದುರಿಗೆ ನಾವು ನಮ್ಮ ಕಣ್ಣನ್ನು ಕಿತ್ತು ಅವರ ಜೇಬಿಗೆ ಹಾಕಿ ನಿಶ್ಚಿಂತರಾಗುತ್ತೇವೆ. ಆ ಜೇಬಿಗೊಂದು ತೂತು ಬಿದ್ದ ದಿನ ಎಲ್ಲರೂ ಒಟ್ಟಿಗೆ ಕುರುಡರು. ಇದು ಅಂಥವರ ತಪ್ಪೇ, ನಮ್ಮದೇ, ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಆ ಜಾತಿಯ ಮನುಷ್ಯರಲ್ಲಿ ಎರಡು ಬಗೆ. ಹೆಚ್ಚಿನವರು ತಮ್ಮ ಮಾತು ಮುಗಿಯುತ್ತಲೇ ಬೆನ್ನು ತಿರುಗಿಸಿ ನಡೆದುಹೋಗುತ್ತಾರೆ, ನಡೆಯುತ್ತಲೇ ಮಹಾತ್ಮರಾಗಿ ತೀರಿಕೊಳ್ಳುತ್ತಾರೆ. ಎಲ್ಲೋ ಒಬ್ಬರು, ಎಷ್ಟೇ ತಡವಾಗಲಿ, ಬಂದ ದಾರಿಯನ್ನೇ ಹೆಜ್ಜೆ ಹೆಜ್ಜೆಯಾಗಿ ಹಿಂದಿರುಗಿ, ತಾವು ಕಡೆಗಣಿಸಿ ಬಿಟ್ಟುಬಂದ ಮನುಷ್ಯನ ಮುಂದೆ ನಿಂತು, ಕೇಳಿ, ಉತ್ತರಕ್ಕಾಗಿ ಕಾಯುತ್ತಾರೆ.